ಕೇಳಿಸಿತೇ, ಕೇಳಿಸಿದ ಹಾಗಾಯಿತೇ?

ನಮಸ್ಕಾರ. ಹೋದ ತಿಂಗಳು ಅಮ್ಮನನ್ನು ಶ್ರವಣ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಕಿಟಕಿಯ ಪುಟ್ಟ ಕೋಣೆ, ಕಿವಿಗೆ ಹೆಡ್‌ಫೋನ್, ಧ್ವನಿ ಕೇಳಿಸಿದಾಗ ಒತ್ತಲು ಕೈಯಲ್ಲೊಂದು ಗುಂಡಿ. ಅವಳ ಹೆಬ್ಬೆರಳು ಗುಂಡಿಯವರೆಗೆ ಹೋಗುತ್ತಿತ್ತು, ಅಲ್ಲೇ ತಡೆಯುತ್ತಿತ್ತು, ಒತ್ತದೆ ಹಿಂದೆ ಸರಿಯುತ್ತಿತ್ತು. ಹೊರಗೆ ಬಂದ ಮೇಲೆ ಯಾಕೆಂದು ಕೇಳಿದೆ.

"ಏನೋ ಕೇಳಿಸಿದ ಹಾಗಾಯಿತು, ಖಾತ್ರಿ ಇರಲಿಲ್ಲ. ಸುಮ್ಮನೆ ಯಾಕೆ ಸುಳ್ಳು ಹೇಳಲಿ?" ಎಂದಳು.

ಕಿವಿ ತನ್ನ ಕೆಲಸ ಮಾಡಿತ್ತು. ಬೆರಳನ್ನು ತಡೆದದ್ದು ಅಮ್ಮನ ಪ್ರಾಮಾಣಿಕತೆ. ಆದರೆ ವರದಿಯಲ್ಲಿ ಅದೂ ಕಿವುಡುತನದ ಲೆಕ್ಕಕ್ಕೇ ಸೇರಿಹೋಯಿತು.

ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ನಡುವೆ ಒಂದು ಹೊಸ್ತಿಲಿದೆ, ಅದನ್ನು ಅಳೆಯಬಹುದು ಎಂದು 1860ರಲ್ಲಿ ಕ್ರಮಬದ್ಧವಾಗಿ ತೋರಿಸಿದವರು ಜರ್ಮನಿಯ ವಿಜ್ಞಾನಿ ಗುಸ್ಟಾವ್ ಫೆಕ್ನರ್. ಇಂದಿಗೂ ಪರೀಕ್ಷೆ ನಡೆಯುವುದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ: ಗುಂಡಿ ಒತ್ತಿದರೆ ಧ್ವನಿಯನ್ನು 10 ಡೆಸಿಬಲ್ ಇಳಿಸುತ್ತಾರೆ, ಒತ್ತದಿದ್ದರೆ 5 ಏರಿಸುತ್ತಾರೆ. ಆದರೆ ಈ ಹೊಸ್ತಿಲು ಕಲ್ಲಿನದಲ್ಲ. ಅದೇ ಸಣ್ಣ ಧ್ವನಿ ಒಮ್ಮೆ ಕೇಳಿಸುತ್ತದೆ, ಮರುಗಳಿಗೆ ಕೇಳಿಸುವುದಿಲ್ಲ. ಹಾಗಾಗಿಯೇ ಪ್ರಯೋಗಾಲಯದಲ್ಲಿ, ಹತ್ತರಲ್ಲಿ ಐದು ಸಲ ಕೇಳಿಸುವ ಮಟ್ಟವನ್ನು ಹೊಸ್ತಿಲೆಂದು ಒಪ್ಪಿಕೊಳ್ಳುವ ರೂಢಿಯಿದೆ.

ಅಮ್ಮನ ಮಾತಿಗೆ ಉತ್ತರ ಸಿಕ್ಕಿದ್ದು ಫೆಕ್ನರ್ ಕಾಲಕ್ಕೂ ಬಹಳ ಆಮೇಲೆ. ರೇಡಾರ್ ಪರದೆಯ ಗೊಂದಲದಲ್ಲಿ ನಿಜವಾದ ವಿಮಾನವನ್ನು ಗುರುತಿಸುವ ಗಣಿತವನ್ನು 1950ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಟ್ಯಾನರ್, ಸ್ವೆಟ್ಸ್ ಮೊದಲಾದ ಸಂಶೋಧಕರು ಮನುಷ್ಯನ ಗ್ರಹಿಕೆಗೆ ತಂದರು. ಇಂದ್ರಿಯ ಎಷ್ಟು ಸೂಕ್ಷ್ಮ ಎಂಬುದು ಒಂದು, 'ಹೌದು' ಎನ್ನಲು ಮನಸ್ಸಿಗೆ ಎಷ್ಟು ಖಾತ್ರಿ ಬೇಕು ಎಂಬುದು ಇನ್ನೊಂದು. ಎರಡನ್ನೂ ಬಿಡಿಸಿ ನೋಡಬೇಕಾದರೆ ಧ್ವನಿಯೇ ಇಲ್ಲದ ಸರದಿಗಳನ್ನೂ ನಡುನಡುವೆ ಇಡಬೇಕು, ಆಗ ಎಷ್ಟು ಸಲ ಒತ್ತುತ್ತಾರೆ ಎಂದೂ ಎಣಿಸಬೇಕು. ಅಥವಾ ಎರಡು ಸರದಿ ಕೊಟ್ಟು, 'ಯಾವುದರಲ್ಲಿ ಧ್ವನಿಯಿತ್ತು?' ಎಂದು ಕೇಳಬೇಕು. ಆಗ ಸಂಕೋಚಕ್ಕೆ ಜಾಗವೇ ಇರುವುದಿಲ್ಲ. ಸಮಯ ಹಿಡಿಯುತ್ತದೆ, ನಿಜ.

ಅಷ್ಟು ಸಮಯವಿಲ್ಲದ ಕಡೆ ಒಂದು ಮಾತಾದರೂ ಇರಲಿ ಎಂಬುದು ನನ್ನ ಆಗ್ರಹ. 'ಎಷ್ಟೇ ಸಣ್ಣದಾಗಿ ಕೇಳಿಸಿದರೂ ಒತ್ತಿ' ಎಂಬ ಸೂಚನೆ ಪರೀಕ್ಷೆಯ ಕ್ರಮದಲ್ಲೇ ಇದೆ. ಅದನ್ನು ಹಿರಿಯರಿಗೆ ಅವಸರದಲ್ಲಿ ಒಪ್ಪಿಸಿಬಿಡಬಾರದು. 'ಅನುಮಾನ ಬಂದರೂ ಒತ್ತಿ, ತಪ್ಪಾದರೆ ಚಿಂತೆಯಿಲ್ಲ' ಎಂದು ಎದುರು ಕುಳಿತು, ಅವರ ಮಾತಿನಲ್ಲೇ ಹೇಳಬೇಕು. ಇಲ್ಲದಿದ್ದರೆ ಬೇಕಾದ್ದಕ್ಕಿಂತ ಜೋರಾಗಿ ಹೊಂದಿಸಿದ ಶ್ರವಣ ಸಾಧನ ಅವರ ಕಿವಿಗೆ ಬಂದು ಕೂರುತ್ತದೆ.

ಮುಂದಿನ ವಾರ ಮರುಪರೀಕ್ಷೆ. ನಿನ್ನೆ ಅಡುಗೆಮನೆಯಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು: "ತಪ್ಪು ಒತ್ತಿದರೆ ಅವರು ಬೈಯುವುದಿಲ್ಲ ತಾನೇ?"