ಮನೆಮನೆಯ ಗೋಡೆಯ ಮೇಲಿದ್ದ ಪಂಡಿತರು

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ನಾಟಕವಿರಲಿ, ಸನ್ಮಾನ ಸಮಾರಂಭವಿರಲಿ, ಆಮಂತ್ರಣ ಪತ್ರಿಕೆಯಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರದ ಹೆಸರು ಕಾಣುತ್ತಲೇ ಇರುತ್ತದೆ. ಪಂಡಿತರು ನಾಟಕದವರೇ ಎಂದು ಕಾಲೇಜಿನ ಮಕ್ಕಳು ಕೇಳಿದಾಗ ನನಗೆ ಸಂಕಟವಾಗುತ್ತದೆ. ಅವರು ಚಿತ್ರಕಾರರು, ಇದೇ ಊರಿನವರು.

ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ. ಮನೆತನದ ಕಸುಬು ಲೋಹದ ಕೆಲಸ. ಚಿತ್ರಕಲೆಯನ್ನೇ ನಂಬಿ ಬದುಕಬೇಕೆಂದರೆ ಊರು ಬಿಡಬೇಕಾಗಿದ್ದ ಕಾಲ ಅದು. ಮುಂಬೈಗೆ ಹೋದರು, ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಅನ್ನಕ್ಕೆ ದಾರಿಯಾದದ್ದು ಸಿನಿಮಾ. ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯ ಚಿತ್ರಗಳಿಗೆ ಷೋಕಾರ್ಡ್‌ಗಳು, ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟಗಳು, ಹಿಂದಿ ಸಿನಿಮಾಗಳಿಗೆ ಪೋಸ್ಟರ್‌ಗಳು.

ಷೋಕಾರ್ಡ್ ಎಂದರೆ ಚಿತ್ರಮಂದಿರದ ಒಳಾಂಗಣದಲ್ಲಿ ಇಡುತ್ತಿದ್ದ ಚಿತ್ರಫಲಕ. ಟಿಕೆಟ್ಟಿಗೆ ಬಂದವನ ಕಣ್ಣು ಅರೆಕ್ಷಣದಲ್ಲಿ ಅದರ ಮೇಲೆ ನಿಲ್ಲಬೇಕು. ಹಾಗೆ ನಿಲ್ಲಿಸುವ ವಿದ್ಯೆಯನ್ನು ಪಂಡಿತರು ಆಮೇಲೆ ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ಮನೆಮನೆ ಸೇರಿದ ಪುರಾಣದ ಚಿತ್ರಗಳಿಗೂ ತಂದರು. ಅವರ ಪುರಾಣಪುರುಷರನ್ನು ಹತ್ತಿರದಿಂದ ನೋಡಿ. ಬೆಳಕು ಒಂದು ಮಗ್ಗುಲಿನಿಂದ ಬೀಳುತ್ತದೆ. ಭುಜದ ಸ್ನಾಯು ಮಿರುಗುತ್ತದೆ, ಇನ್ನೊಂದು ಮಗ್ಗುಲು ಗಾಢ ನೆರಳಿಗೆ ಸರಿಯುತ್ತದೆ. ಕಿರೀಟದ ಅಂಚಿನಲ್ಲಿ, ತೋಳ್ಬಂದಿಯ ಉಬ್ಬಿನಲ್ಲಿ ಹಳದಿಯ ಮೇಲೆ ತೆಳ್ಳಗೆ ಬಿಳಿ ಎಳೆದಿರುತ್ತಾರೆ. ಅಷ್ಟಕ್ಕೇ ಬಣ್ಣ ಚಿನ್ನವಾಗುತ್ತದೆ. ಲೋಹ ಹೇಗೆ ಹೊಳೆಯುತ್ತದೆಂದು ಆ ಕೈಗೆ ಮನೆಯಿಂದಲೇ ಗೊತ್ತಿತ್ತು ಎಂದು ನಾನು ನಂಬಿದ್ದೇನೆ.

ಆದರೆ ಕಲಾವಿಮರ್ಶೆಯ ಲೋಕ ಈ ಬಗೆಯ ಕೆಲಸವನ್ನು ಹೊರಗೇ ನಿಲ್ಲಿಸಿತು. 1947ರಲ್ಲಿ ಅದೇ ಮುಂಬೈಯಲ್ಲಿ, ಆಧುನಿಕ ಶೈಲಿಯನ್ನು ಹಿಡಿದ ಪ್ರಗತಿಶೀಲ ಕಲಾವಿದರ ಗುಂಪು ಹುಟ್ಟಿತು. ಸ್ವತಃ ಸಿನಿಮಾ ಫಲಕ ಬರೆದು ಬದುಕಿದ್ದ ಎಂ.ಎಫ್. ಹುಸೇನ್ ಆ ಗುಂಪಿನಿಂದ ಜಗತ್ತಿಗೆ ಪರಿಚಿತರಾದರು. ಪಂಡಿತರ ಹಾದಿಯ ಕಲೆಗೆ ‘ಕ್ಯಾಲೆಂಡರ್ ಚಿತ್ರ’ ಎಂಬ ಹಣೆಪಟ್ಟಿ ಬಿತ್ತು. ಕೆಲಸಕ್ಕೆ ಕೊರತೆಯಿಲ್ಲ, ಮನ್ನಣೆಗೆ ಮಾತ್ರ ಬರ. ಕಲಾವಿದನಿಗೆ ಇದು ಹಸಿವಿಗಿಂತ ಕಡಿಮೆಯ ಕಷ್ಟವೇನಲ್ಲ. ಆ ಹಣೆಪಟ್ಟಿ ಅನ್ಯಾಯದ್ದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಗ್ಯಾಲರಿಯ ಮೆಟ್ಟಿಲನ್ನೇ ಹತ್ತದ ಲಕ್ಷಾಂತರ ಜನ ಚಿತ್ರವೊಂದನ್ನು ವರ್ಷವಿಡೀ ಕಣ್ಣೆದುರು ಇಟ್ಟುಕೊಂಡದ್ದು ಕ್ಯಾಲೆಂಡರಿನಿಂದ. ವರ್ಷ ಕಳೆದ ಮೇಲೂ ತಾರೀಖಿನ ಹಾಳೆ ಹರಿದು, ಚಿತ್ರಕ್ಕೆ ಕಟ್ಟು ಹಾಕಿಸಿ ದೇವರಮನೆಯಲ್ಲಿ ಇಟ್ಟುಕೊಂಡವರಿದ್ದಾರೆ. ಅದಕ್ಕಿಂತ ದೊಡ್ಡ ಮನ್ನಣೆ ಯಾವುದು?

ಮುಂಬೈಯಲ್ಲಿ ಹೆಸರು ಮಾಡಿದ ಮೇಲೆ ಪಂಡಿತರು ಊರಿಗೆ ಮರಳಿದರು, ಇಲ್ಲಿಯೂ ಕುಂಚ ಕೆಳಗಿಡಲಿಲ್ಲ. ಕನ್ಯಾಕುಮಾರಿಯ ಸ್ಮಾರಕಕ್ಕಾಗಿ ಅವರು ಬರೆದ ವಿವೇಕಾನಂದರ ಚಿತ್ರ ಹೆಸರುವಾಸಿ. 1993ರಲ್ಲಿ ತೀರಿಕೊಂಡರು.

ಈ ಭಾಗದ ಮನೆಗಳವರಲ್ಲಿ ನನ್ನದೊಂದು ಬೇಡಿಕೆ. ಸುಣ್ಣಬಣ್ಣ ಮಾಡಿಸುವಾಗ ಅಜ್ಜಿಯ ಕಾಲದ ಚಿತ್ರಗಳನ್ನು ಗುಜರಿಗೆ ಹಾಕುವ ಮೊದಲು ಕೆಳಗಿನ ಮೂಲೆಯಲ್ಲಿ ಸಹಿ ಇದೆಯೇ ನೋಡಿ. ಪಂಡಿತರದಾಗಿದ್ದರೆ ಬಿಸಿಲು, ತೇವ ತಾಗದ ಗೋಡೆಗೆ ತೂಗುಹಾಕಿ. ಯಾವ ವರ್ಷ ಮನೆಗೆ ಬಂತು, ಯಾವ ಅಂಗಡಿಯವರು ಕೊಟ್ಟರು ಎಂದು ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಕಟ್ಟಿನ ಹಿಂಬದಿಗೆ ಸಿಕ್ಕಿಸಿಡಿ. ಮನೆಯ ಮಕ್ಕಳಿಂದಲೇ ಬರೆಯಿಸಿ.

ನಮಸ್ಕಾರ.