ಇಳಿತದ ಹೊತ್ತಿಗೆ ಚಂದ್ರಗಿರಿ ದಡದಲ್ಲಿ

ಈಗ ಕಾಣುತ್ತಿರುವ ಈ ಕೆಸರು ದಿಬ್ಬ ಇನ್ನು ಮೂರು ಗಂಟೆ ಕಳೆದರೆ ನೀರಿನಡಿ ಹೋಗುತ್ತದೆ. ಇದು ಚಂದ್ರಗಿರಿ ಹೊಳೆ. ಕಾಸರಗೋಡು ಪೇಟೆಯನ್ನು ಬಳಸಿ ತಳಂಗರೆಯಲ್ಲಿ ಕಡಲು ಸೇರುತ್ತದೆ. ಬಸ್ಸು ಸೇತುವೆ ದಾಟುವಾಗ ಅರ್ಧ ನಿಮಿಷ ಕಣ್ಣಿಗೆ ಬೀಳುವ ಈ ಹೊಳೆಯ ಹತ್ತಿರ ಹೈಸ್ಕೂಲು, ಕಾಲೇಜಿನ ಮಕ್ಕಳು ಎರಡು ಗಂಟೆ ಕೂತು ಚಿತ್ರ ಬರೆಯಬೇಕಾದರೆ ಏನೇನು ತಯಾರಿ ಬೇಕು, ನೋಡೋಣ.

ದಿನ ಗೊತ್ತುಮಾಡುವ ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಈ ಶನಿವಾರ ಬೆಳಿಗ್ಗೆ 7ಕ್ಕೆ ಪೂರ್ತಿ ಇಳಿತವಿದ್ದರೆ, ಮುಂದಿನ ಶನಿವಾರ ಅದೇ ಹೊತ್ತಿಗೆ ನೀರು ತುಂಬಿರುತ್ತದೆ. ‘ಪ್ರತಿ ಶನಿವಾರ 7 ಗಂಟೆ’ ಅಂತ ಬೋರ್ಡು ಹಾಕಿದವರು ಎಡವುವುದು ಇಲ್ಲೇ. ಹದಿನೈದು ದಿನಕ್ಕೊಮ್ಮೆ ಇಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಹೊರಟು, ನೀರು ಏರತೊಡಗಿದ ಅರ್ಧ ಗಂಟೆಯೊಳಗೆ ಮೇಲೆ ಬಂದುಬಿಡಿ.

ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರು ಇರಲಿ. ನಡಿಗೆ ಒಂದು ಕಿಲೋಮೀಟರಿಗಿಂತ ಉದ್ದ ಬೇಡ. ಉದ್ದವಾದರೆ ಬರೀ ನಡೆದದ್ದೇ ಆಗುತ್ತದೆ. ಬರಿಗಾಲಿಗೆ ಚಿಪ್ಪು ಕೊಯ್ಯುತ್ತದೆ, ಹವಾಯಿ ಚಪ್ಪಲಿ ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಪಟ್ಟಿಯಿರುವ ಹಳೆಯ ಸ್ಯಾಂಡಲ್ ಒಳ್ಳೆಯದು. ಬಿಸಿಲಿಗೆ ಅಡಿಕೆ ಹಾಳೆಯ ಮುಟ್ಟಾಳೆ ಸಾಕು. ಕಾಲಿನಲ್ಲಿ ಗಾಯವಿದ್ದವರು ಚರಂಡಿ ಬಂದು ಸೇರುವ ಜಾಗಕ್ಕೆ ಇಳಿಯಲೇಬಾರದು, ಇಲಿಜ್ವರದ ಭಯವಿದೆ. ಚಿತ್ರಕ್ಕೆ ಒಳ್ಳೆಯ ನೋಟ ಸಿಗುತ್ತದೆಂದು ರೈಲು ಸೇತುವೆ ಹತ್ತಿಸುವವರ ಜೊತೆ ಮಕ್ಕಳನ್ನು ಕಳಿಸಬೇಡಿ.

ದಡಕ್ಕೆ ಬಂದ ಮೇಲೆ ಹೆಸರು ಹೇಳಲು ಅವಸರ ಬೇಡ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಗಿಡ ತೋರಿಸಿ ‘ಇದು ಕಾಂಡ್ಲಾ’ ಎಂದ ಕೂಡಲೇ ಮಕ್ಕಳು ಅದನ್ನು ಬರೆದುಕೊಂಡು ಮುಂದೆ ಹೋಗುತ್ತಾರೆ, ಗಿಡದ ಮೇಲಿನ ಕಣ್ಣು ತೆಗೆಯುತ್ತಾರೆ. ನಾಲ್ಕು ಮೀಟರ್ ಹಗ್ಗದಿಂದ ಒಂದು ಮೀಟರಿನ ಚೌಕ ಮಾಡಿ, ಇಬ್ಬಿಬ್ಬರಿಗೆ ಒಂದೊಂದು ಕೊಡಿ. ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟುವಂತಿಲ್ಲ, ಅಲ್ಲಾಡುವಂತಿಲ್ಲ. ನಮ್ಮ ನೆರಳು ಬಿದ್ದ ಕೂಡಲೇ ತೂತಿಗಿಳಿದ ಏಡಿಗಳು ನಾಲ್ಕೈದು ನಿಮಿಷದಲ್ಲಿ ಒಂದೊಂದಾಗಿ ಹೊರಬರುತ್ತವೆ. ಒಂದು ಕೊಂಬು ಮಾತ್ರ ದೊಡ್ಡದಿದ್ದರೆ ಅದು ಗಂಡು. ಕೆಸರಿನಿಂದ ಮೇಲೆದ್ದ ಪೆನ್ಸಿಲಿನಂಥ ಕಡ್ಡಿಗಳು ಉಪ್ಪಟ್ಟಿ ಗಿಡದ ಬೇರು, ಗಿಡ ಉಸಿರಾಡುವುದೇ ಅವುಗಳಿಂದ, ತುಳಿಯಬಾರದು. ಅದರ ಎಲೆಯನ್ನು ಕೀಳದೆ ಬೆರಳಿನಿಂದ ಸವರಿ ನಾಲಗೆಗೆ ಮುಟ್ಟಿಸಿದರೆ ಉಪ್ಪು ತಾಗುತ್ತದೆ. ಇದನ್ನು ಮಾಡುವ ಮೊದಲು ಕಣ್ಣಾಂಪೊಟ್ಟಿ ಎಂಬ ವಿಷದ ಗಿಡದ ಗುರುತು ನಿಮಗೆ ಖಚಿತವಾಗಿರಬೇಕು. ಮಲೆಯಾಳದ ಆ ಹೆಸರೇ ಹೇಳುವಂತೆ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಬರೆದಾದ ಮೇಲೆ ಹೆಸರುಗಳು ಬರಲಿ, ಅದೂ ಒಂದು ಭಾಷೆಯಲ್ಲಲ್ಲ. ಕನ್ನಡದ ಹೊಳೆ, ಮಲೆಯಾಳದ ಪುಳ, ತುಳುವಿನ ಸುದೆ. ಒಂದೇ ಗುಂಪಿನಲ್ಲಿ ಮೂರೂ ಇರುತ್ತವೆ. ಚಿತ್ರದ ಅಂಚಿನಲ್ಲಿ ಎಲ್ಲ ಬರೆಸಿ.

ಇನ್ನು ಬಣ್ಣ. ಮುರಕಲ್ಲಿನ, ಅಂದರೆ ಇಲ್ಲಿನ ಕೆಂಪು ಕಲ್ಲಿನ, ಪುಡಿಯನ್ನು ಮನೆ ಕಟ್ಟುವ ಜಾಗದಿಂದ ತನ್ನಿ, ಚಂದ್ರಗಿರಿ ಕೋಟೆಯ ಗೋಡೆಯನ್ನು ಕೆರೆಯಬೇಡಿ. ಎರಡು ಹಿಡಿ ಪುಡಿಯನ್ನು ಒಂದು ಚೊಂಬು ನೀರಿಗೆ ಹಾಕಿ ಕದಡಿ, ಮೂವತ್ತು ಎಣಿಸಿ, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಅಡಿಯಲ್ಲಿ ಉಳಿದ ತರಿ ಬೇಡ. ಆ ನೀರು ರಾತ್ರಿಯಿಡೀ ಕೂತರೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಸಿಗುತ್ತದೆ, ಒಣಗಿಸಿ. ಅಂಟಿಗೆ ಗೇರು ಮರದ ಗೋಂದು: ಒಂದು ಚಮಚಕ್ಕೆ ಮೂರು ಚಮಚ ಬಿಸಿನೀರು, ಮಾರನೆಯ ದಿನ ಬಟ್ಟೆಯಲ್ಲಿ ಸೋಸಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಗೋಂದಿನ ನೀರು. ಒಣಗಿದ ಬಣ್ಣ ಬೆರಳಿಗೆ ಹತ್ತಿದರೆ ಅಂಟು ಕಡಿಮೆ, ಬಿರುಕು ಬಿಟ್ಟರೆ ಜಾಸ್ತಿ. ಗಂಜಿ ತಿಳಿಯೂ ಆಗುತ್ತದೆ, ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕಪ್ಪಿಗೆ ತೆಂಗಿನ ಗೆರಟೆಯ ಮಸಿ. ಅರಸಿನಕ್ಕೆ ಚಿಪ್ಪಿನ ಸುಣ್ಣ ಬೆರೆಸಿದರೆ ಕುರ್ದಿಯ (ಅರಸಿನ-ಸುಣ್ಣದ ನೀರಿನ) ಕೆಂಪು ಬರುತ್ತದೆ; ಗಾಳಿಗೆ ತೆರೆದಿಟ್ಟ ಹಳೆಯ ಸುಣ್ಣದಲ್ಲಿ ಖಾರ ಉಳಿದಿರುವುದಿಲ್ಲ, ಬಣ್ಣ ಏಳುವುದಿಲ್ಲ. ಸುಣ್ಣವನ್ನು ದೊಡ್ಡವರೇ ಕಲಸಲಿ.

ಕಾಗದ ದಪ್ಪದ್ದು, ಕನಿಷ್ಠ 200 ಜಿಎಸ್‌ಎಂ ಇರಲಿ. ಬಣ್ಣ ಕಲಸಲು ಬಾವಿ ನೀರು ಒಯ್ಯಿರಿ. ಹೊಳೆಯ ಉಪ್ಪುನೀರಿನಲ್ಲಿ ಬರೆದ ಚಿತ್ರ ಗಾಳಿಯ ತೇವ ಎಳೆದುಕೊಂಡು ಸರಿಯಾಗಿ ಒಣಗುವುದೇ ಇಲ್ಲ. ಬಣ್ಣಕ್ಕೆ ಅಡಿಕೆ ಹಾಳೆಯ ತಟ್ಟೆ, ಕಾಗದ ಗಾಳಿಗೆ ಹಾರದಂತೆ ಮೇಲೊಂದು ಕಲ್ಲು.

ಆಮೆ ಬರೆಯಬೇಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿಯನ್ನು ಆರಿಸಿಕೊಂಡಿತು. ಮರ, ಊರಿಗೆ ಹೆಸರು ಕೊಟ್ಟಿತೆಂದು ಹೇಳುವ ಕಾಸರಕ. ಹಕ್ಕಿ ಬಿಳಿಹೊಟ್ಟೆಯ ಕಡಲ ಗಿಡುಗ. ಪ್ರಾಣಿ ಇದೇ ಹೊಳೆಯಲ್ಲಿ ಮೊಟ್ಟೆಯಿಡುವ ಮೆದುಚಿಪ್ಪಿನ ದೈತ್ಯ ಆಮೆ. ಮೀಟರಿನಷ್ಟು ಉದ್ದ ಬೆಳೆಯುವ ಅದು ದಿನದ ಬಹುಪಾಲು ಮರಳಿನಲ್ಲಿ ಹುದುಗಿ ಅಲ್ಲಾಡದೆ ಇರುತ್ತದೆ. ಈ ನಡಿಗೆಯಲ್ಲಿ ಕಾಣಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಇದ್ದ ಹಾಗೆ ಬರೆಯುವುದಾದರೆ ಬರೀ ಮರಳು, ಅದರಲ್ಲೊಂದು ಮೂಗಿನ ತುದಿ. ಅಷ್ಟು ಬರೆದ ಮಗು ಆಮೆಯನ್ನು ಸರಿಯಾಗಿಯೇ ಬರೆದಿದೆ.

ಚಿತ್ರಗಳನ್ನು ಹಾಲ್‌ನಲ್ಲಿ ತೂಗುಹಾಕುವ ಮೊದಲು ದೋಣಿ ನಿಲ್ಲುವ ಕಡವಿನ ಹತ್ತಿರ ತೆಂಗಿನ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ. ಮರುವಾಯಿ ಚಿಪ್ಪು ಹೆಕ್ಕುವವರು, ದೋಣಿಯವರು ಬಂದು ತಪ್ಪು ತೋರಿಸುತ್ತಾರೆ. ಅದನ್ನು ಅದೇ ಕಾಗದದಲ್ಲಿ ಪೆನ್ಸಿಲಿನಿಂದ ಬರೆದಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡಕ್ಕೆ ಇಳಿಯುವುದು ಬೇಡ. ಆಗ ದಕ್ಷಿಣ ದಡದ ಚಂದ್ರಗಿರಿ ಕೋಟೆಗೆ ಹತ್ತಿ. ಇಕ್ಕೇರಿಯ ಶಿವಪ್ಪ ನಾಯಕನ ಕಾಲದ ಕೋಟೆ. ಹೊಳೆ, ಕಡಲು ಎರಡೂ ಕಾಣುತ್ತವೆ. ಜೋರು ಮಳೆಯ ಮಾರನೆಯ ದಿನ ಹೊಳೆ ಗುಡ್ಡದ ಮಣ್ಣು ಹೊತ್ತು ಕೆಂಪಾಗಿ ಬರುತ್ತದೆ. ಬೇಸಿಗೆಯಲ್ಲಿ ಮಾಡಿದ ಮುರಕಲ್ಲಿನ ಬಣ್ಣ ಒಂದಿಷ್ಟು ಉಳಿಸಿಕೊಂಡಿರಿ. ಆ ದಿನದ ನೀರಿಗೆ ಬೇರೆ ಬಣ್ಣ ಬೇಕಾಗುವುದಿಲ್ಲ.