ಗೋಲ್ ಮುಂದೆ ಒಬ್ಬರಿಗಷ್ಟೇ ಜಾಗ: ಆಂಡ್ರೆಯಾಸ್ ವೋಲ್ಫ್

ಇದು ಕೀಲ್. ಜರ್ಮನಿಯ ಉತ್ತರದ ಬಂದರು ಊರು. ಅಲ್ಲಿ ನಿಂತಿರುವ ದೊಡ್ಡ ಹಡಗು ನಾರ್ವೆಯ ಓಸ್ಲೋಗೆ ಹೋಗುತ್ತದೆ. ಇಲ್ಲಿಗೆ ಬರುವವರಲ್ಲಿ ತುಂಬಾ ಜನ ಆ ಹಡಗು ಹತ್ತಲು ಬರುತ್ತಾರೆ. ನಾನು ಬಂದಿರುವುದು ಹ್ಯಾಂಡ್‌ಬಾಲ್‌ಗಾಗಿ.

ನಮ್ಮ ಕಡೆ ಹ್ಯಾಂಡ್‌ಬಾಲ್ ಅಂದರೆ ಸುಮಾರು ಜನ ಸ್ಕೂಲಿನ ಥ್ರೋಬಾಲ್ ಅಂದುಕೊಳ್ಳುತ್ತಾರೆ. ಅದಲ್ಲ ಇದು. ಒಂದು ಕಡೆಗೆ ಏಳು ಜನ, ಅರ್ಧರ್ಧ ಗಂಟೆಯ ಎರಡು ಭಾಗ, ಕೈಯಲ್ಲೇ ಗೋಲ್ ಹೊಡೆಯಬೇಕು. ಜರ್ಮನಿಯಲ್ಲಿ ಇದು ಸಣ್ಣ ಆಟವೇನಲ್ಲ. ಈ ಊರಿನ ಟಿಎಚ್‌ಡಬ್ಲ್ಯು ಕೀಲ್ ಕ್ಲಬ್ 23 ಸಲ ಜರ್ಮನ್ ಚಾಂಪಿಯನ್ ಆಗಿದೆ. ಈಗ ಕಾಣುತ್ತಿದೆಯಲ್ಲ, ಅದೇ ಅವರ ಒಳಾಂಗಣ. ಹೆಸರು ಎಷ್ಟೇ ಬದಲಾದರೂ ಊರಿನವರ ಬಾಯಲ್ಲಿ ಇದು ಓಸ್ಟ್‌ಸೇಹಾಲ್ಲೆ. ಸಿಲ್ಟ್ ದ್ವೀಪದಲ್ಲಿ ವಿಮಾನ ನಿಲ್ಲಿಸುತ್ತಿದ್ದ ಹಳೆಯ ಶೆಡ್ಡಿನ ಉಕ್ಕನ್ನೇ ತಂದು 1951ರಲ್ಲಿ ಇದನ್ನು ಕಟ್ಟಿದರಂತೆ.

ಇಲ್ಲಿ ಗೋಲ್ ಕಾಯುವವರು ಆಂಡ್ರೆಯಾಸ್ ವೋಲ್ಫ್. ಅವರ ಬಗ್ಗೆ ಹೇಳುವ ಮೊದಲು ಆ ಕೆಲಸ ಎಂಥದ್ದು ಅಂತ ಹೇಳಲೇಬೇಕು.

ಗೋಲ್ ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಎದುರಾಳಿ ಆರು ಮೀಟರ್ ಗೆರೆಯ ಹೊರಗಿಂದ ಜಿಗಿಯುತ್ತಾನೆ, ಗೆರೆಯ ಒಳಗೆ ಗಾಳಿಯಲ್ಲಿದ್ದಾಗಲೇ ಚೆಂಡು ಬಿಡುತ್ತಾನೆ. ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟುವುದೂ ಉಂಟು. ಗೋಲ್‌ಕೀಪರ್ ಕೈಗೆ ಗ್ಲೌಸ್ ಕೂಡ ಇರುವುದಿಲ್ಲ. ಕೈ, ಕಾಲು, ಎದೆ, ಯಾವುದು ಸಿಕ್ಕರೆ ಅದನ್ನು ಅಡ್ಡ ಕೊಡಬೇಕು. ಇಷ್ಟೆಲ್ಲ ಮಾಡಿ ನೂರಕ್ಕೆ ಮೂವತ್ತು ತಡೆದರೆ ಒಳ್ಳೆಯ ಕೀಪರ್ ಅನ್ನುತ್ತಾರೆ. ಅಂದರೆ ಚೆನ್ನಾಗಿ ಆಡಿದ ದಿನವೂ ಇಪ್ಪತ್ತೈದು, ಮೂವತ್ತು ಸಲ ನೆಟ್ಟಿನಿಂದ ಚೆಂಡು ಎತ್ತಿಕೊಡಬೇಕು. ಇಂಥ ಕೆಲಸವನ್ನು ಯಾರಾದರೂ ಇಷ್ಟಪಟ್ಟು ಮಾಡುತ್ತಾರಾ ಅನ್ನಿಸುತ್ತದೆ, ಅಲ್ವಾ?

ವೋಲ್ಫ್ ಹುಟ್ಟಿದ್ದು 1991ರಲ್ಲಿ, ಜರ್ಮನಿಯ ಪಶ್ಚಿಮದ ಓಯ್ಸ್‌ಕಿರ್ಷೆನ್‌ನಲ್ಲಿ. ಗ್ರೋಸ್‌ವಾಲ್‌ಶ್ಟಾಟ್‌ನಲ್ಲಿ ಆಡಿ, 2013ರಲ್ಲಿ ವೆಟ್ಸ್‌ಲಾರ್ ಸೇರಿದರು. ವೆಟ್ಸ್‌ಲಾರ್ ಕಪ್ ಗೆಲ್ಲುವ ಲೆಕ್ಕದ ಕ್ಲಬ್ ಅಲ್ಲ. 2016ರ ಜನವರಿಯಲ್ಲಿ ಪೋಲೆಂಡಿನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್. ಜರ್ಮನಿಯ ಕ್ಯಾಪ್ಟನ್ ಊವೆ ಗೆನ್ಸ್‌ಹೈಮರ್‌ಗೆ ಗಾಯ, ಇನ್ನೂ ಹಲವರು ಇಲ್ಲ. ಮೊದಲ ಪಂದ್ಯದಲ್ಲೇ ಸ್ಪೇನ್ ಕೈಯಲ್ಲಿ ಸೋಲು. ಆದರೂ ಫೈನಲ್ ತಲುಪಿದರು. ಎದುರಿಗೆ ಮತ್ತೆ ಅದೇ ಸ್ಪೇನ್. ಜನವರಿ 31, ಕ್ರಾಕೋವ್. 24-17. ಗೋಲ್ ಕಡೆಗೆ ಬಂದ ಹೊಡೆತಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ವೋಲ್ಫ್ ತಡೆದಿದ್ದರು. ವಯಸ್ಸು 24. ಆ ರಾತ್ರಿಯಿಂದ ಅವರು ಇಡೀ ಜರ್ಮನಿಗೆ ಗೊತ್ತು. ಅದೇ ವರ್ಷ ರಿಯೋ ಒಲಿಂಪಿಕ್ಸ್‌ನಲ್ಲಿ ಕಂಚು.

ಇಲ್ಲಿಗೆ ಕಥೆ ಸಲೀಸಾಗಿ ಮೇಲೆ ಹೋಗಬೇಕಿತ್ತು. 2016ರ ಬೇಸಿಗೆಯಲ್ಲೇ ಕೀಲ್‌ಗೆ ಬಂದರು. ಆದರೆ ಇಲ್ಲಿ ಆಗಲೇ ಇನ್ನೊಬ್ಬರಿದ್ದರು: ಡೆನ್ಮಾರ್ಕಿನ ನಿಕ್ಲಾಸ್ ಲಾಂಡಿನ್. ರಿಯೋದಲ್ಲಿ ಚಿನ್ನ ಗೆದ್ದ ತಂಡದ ಕೀಪರ್. ಫಾರ್ವರ್ಡ್ ಆದರೆ ಇಬ್ಬರನ್ನೂ ಒಟ್ಟಿಗೆ ಇಳಿಸಬಹುದು. ಕೀಪರ್ ವಿಷಯದಲ್ಲಿ ಆ ಮಾತೇ ಇಲ್ಲ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬೆಂಚಿನಲ್ಲಿ. ಮೂರು ಸೀಸನ್ ಹೀಗೇ ಹಂಚಿಕೊಂಡು ಆಡಿದರು. ಎರಡು ಸಲ ಜರ್ಮನ್ ಕಪ್, ಒಂದು ಸಲ ಯುರೋಪಿನ ಕ್ಲಬ್‌ಗಳ ಇಎಚ್‌ಎಫ್ ಕಪ್ ಬಂತು. ಬರಬೇಕಾದಷ್ಟು ಸಮಯ ಮಾತ್ರ ಗೋಲ್ ಮುಂದೆ ಸಿಗಲಿಲ್ಲ.

2019ರಲ್ಲಿ ಪೋಲೆಂಡಿನ ಕಿಯೆಲ್ಸೆಗೆ ಹೋದರು. ಪೋಲೆಂಡ್ ಲೀಗ್ ಏನೋ ಮೊದಲ ನಾಲ್ಕು ವರ್ಷವೂ ಗೆದ್ದರು, ಅದನ್ನು ನಾನು ಜಾಸ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಕಾಗಿದ್ದದ್ದು ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ, ಚಾಂಪಿಯನ್ಸ್ ಲೀಗ್. 2022ರ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು ಪಂದ್ಯ ಏಳು ಮೀಟರ್ ಹೊಡೆತಗಳವರೆಗೆ, ಅಂದರೆ ಪೆನಾಲ್ಟಿಗಳವರೆಗೆ ಹೋಗಿ ಕೈತಪ್ಪಿತು. 2023ರಲ್ಲಿ ಮಾಗ್ಡೆಬುರ್ಗ್ ಎದುರು ಹೆಚ್ಚುವರಿ ಸಮಯದಲ್ಲಿ 30-29ರ ಸೋಲು. ಎರಡೂ ನಡೆದದ್ದು ಕೋಲ್ನ್‌ನಲ್ಲಿ, ಅವರದೇ ದೇಶದಲ್ಲಿ. ಅದಾದ ಮೇಲೆ ಬೆನ್ನಿನ ಡಿಸ್ಕ್ ತೊಂದರೆ, ತಿಂಗಳುಗಟ್ಟಲೆ ಆಟ ಇಲ್ಲ.

2024ರ ಜನವರಿ 10, ಡ್ಯುಸೆಲ್ಡಾರ್ಫ್. ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಹ್ಯಾಂಡ್‌ಬಾಲ್ ನೆಲ ಹಾಸಿ ಯುರೋಪಿಯನ್ ಚಾಂಪಿಯನ್‌ಶಿಪ್ ಶುರು ಮಾಡಿದ್ದರು. ನೋಡಲು ಬಂದವರು 53,586 ಜನ, ಹ್ಯಾಂಡ್‌ಬಾಲ್‌ನಲ್ಲಿ ವಿಶ್ವದಾಖಲೆ. ಸ್ವಿಟ್ಜರ್‌ಲೆಂಡಿಗೆ ಇಡೀ ಪಂದ್ಯದಲ್ಲಿ ಸಿಕ್ಕಿದ್ದು 14 ಗೋಲ್. ಬೆನ್ನು ಹಿಡಿದು ಮನೆಯಲ್ಲಿದ್ದ ಮನುಷ್ಯ ಗೋಲ್ ಮುಂದೆ ಗೋಡೆ ಹಾಗೆ ನಿಂತಿದ್ದರು. ಜರ್ಮನಿ ಕೊನೆಗೆ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಆದರೂ ಟೂರ್ನಿಯ ಆಲ್‌ಸ್ಟಾರ್ ತಂಡದ ಕೀಪರ್ ಅವರೇ.

ಆ ಬೇಸಿಗೆಯಲ್ಲಿ ಒಲಿಂಪಿಕ್ಸ್. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ಎದುರು 35-34. ಆ ದಿನ ಹೀರೋ ರೇನಾರ್ಸ್ ಉಶ್ಚಿನ್ಸ್ ಅನ್ನುವ ಹುಡುಗ, ಒಬ್ಬನೇ 14 ಗೋಲ್ ಹೊಡೆದ. ಎರಡು ದಿನ ಬಿಟ್ಟು ಸೆಮಿಫೈನಲ್‌ನಲ್ಲಿ ಸ್ಪೇನ್. 25-24. ಇದು ವೋಲ್ಫ್ ಗೆಲ್ಲಿಸಿಕೊಟ್ಟ ಪಂದ್ಯ. ಫೈನಲ್‌ನಲ್ಲಿ ಡೆನ್ಮಾರ್ಕ್ 39-26ರಿಂದ ಪುಡಿ ಮಾಡಿತು. ಆ ಡೆನ್ಮಾರ್ಕ್ ತಂಡದಲ್ಲಿ ಯಾರಿದ್ದರು ಅಂತ ಊಹಿಸಿರುತ್ತೀರಿ. ಲಾಂಡಿನ್!

ಲಾಂಡಿನ್ ಕೀಲ್ ಬಿಟ್ಟು 2023ರಲ್ಲೇ ಡೆನ್ಮಾರ್ಕಿಗೆ ಹೋಗಿದ್ದರು. ಒಲಿಂಪಿಕ್ಸ್ ಬೆಳ್ಳಿ ಹಿಡಿದು ವೋಲ್ಫ್ 2024ರಲ್ಲಿ ಇದೇ ಒಳಾಂಗಣಕ್ಕೆ ವಾಪಸ್ ಬಂದರು. ಮರುವರ್ಷ ಕೀಲ್ ಜರ್ಮನ್ ಕಪ್ ಗೆದ್ದಿತು.

ವೋಲ್ಫ್ ಅಂದರೆ ಇಲ್ಲಿ ಎಲ್ಲರೂ 2016ರ ಫೈನಲ್ ಹಾಕಿ ತೋರಿಸುತ್ತಾರೆ. ನನಗೆ ಅದರಲ್ಲಿ ಸ್ವಲ್ಪ ತಕರಾರಿದೆ. ಆ ದಿನ ಅವರ ಮುಂದೆ ಡಿಫೆನ್ಸ್ ತುಂಬಾ ಬಿಗಿಯಾಗಿತ್ತು. ಫಿನ್ ಲೆಮ್ಕೆಯಂಥ ಎತ್ತರದ ಆಳುಗಳು ಕೈ ಎತ್ತಿ ನಿಂತರೆ ಸ್ಪೇನ್‌ನವರಿಗೆ ಹೊಡೆಯಲು ಜಾಗವೇ ಇರಲಿಲ್ಲ. ಗೆಲುವಿನ ಅಂತರವೂ ಏಳು ಗೋಲ್. 2024ರ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅಂತರ ಒಂದೇ. ಒಂದು ಚೆಂಡು ಬಿಟ್ಟಿದ್ದರೂ ಪಂದ್ಯ ಬೇರೆ ಕಡೆ ಹೋಗುತ್ತಿತ್ತು. ಅವರ ಆಟ ನೋಡಬೇಕು ಅಂದರೆ ಮೊದಲು ಅದನ್ನೇ ಹುಡುಕಿ ನೋಡಿ. ಗೋಲ್ ಹೊಡೆಯುವವರನ್ನು ಬಿಟ್ಟು ಇವರ ಕಾಲು ನೋಡುತ್ತಾ ಹೋಗಿ, ಯಾವಾಗ ಎತ್ತುತ್ತಾರೆ ಅಂತ.